ಮುಂದಿನ ಸೀಟಿನ ಕಾಕಾ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಕಾರು ಕೊಂಡ ಪ್ರತಿಯೊಂದು ಮನೆತನದಲ್ಲಿಯೂ ಒಬ್ಬ ಕಾಕಾ ಇದ್ದೇ ಇರುತ್ತಾರೆ. ಕಾರು ಅವರದಲ್ಲ, ಅದನ್ನು ನಡೆಸಲು ಅವರಿಗೆ ಬರುವುದಿಲ್ಲ, ಅದರ ಸಾಲದ ಕಂತನ್ನು ಅವರು ಒಮ್ಮೆಯೂ ಕಟ್ಟಿದವರಲ್ಲ. ಆದರೂ ಚಾಲಕನ ಎಡಮಗ್ಗುಲಿನ ಆಸನದ ಮೇಲೆ ಅವರಿಗಿರುವ ಹಕ್ಕು ಪಿತ್ರಾರ್ಜಿತ ಹೊಲದ ಮೇಲಿನ ಹಕ್ಕಿಗಿಂತ ಗಟ್ಟಿಯಾದುದು, ಏಕೆಂದರೆ ಹೊಲಕ್ಕಾಗಿ ಅಣ್ಣತಮ್ಮಂದಿರು ದಾವೆ ಹೂಡಿದ ನಿದರ್ಶನಗಳು ತಾಲ್ಲೂಕು ನ್ಯಾಯಾಲಯಗಳ ಕಪಾಟು ತುಂಬ ಇದ್ದರೂ ಮುಂದಿನ ಸೀಟಿಗಾಗಿ ಕಾಕಾನ ಮೇಲೆ ದಾವೆ ಹೂಡುವ ಧೈರ್ಯವನ್ನು ಈವರೆಗೆ ಯಾರೂ ಮಾಡಿದಂತಿಲ್ಲ. ತಂದೆಯ ಸ್ವಂತ ತಮ್ಮನೂ, ತಂದೆಯ ವಾರಿಗೆಯ ಊರ ಹಿರಿಯನೂ ಈ ಸೀಮೆಯಲ್ಲಿ ಸಮಾನವಾಗಿ ಕಾಕಾಗಳೇ ಆದುದರಿಂದ, ಒಂದು ಕಾರಿಗೆ ಒಬ್ಬರೇ ಕಾಕಾ ಎಂಬ ಮಿತಿಯೂ ಇಲ್ಲ.

ಬಿಳಿಯ ಧೋತರ, ಇಸ್ತ್ರಿಯಾದ ನೆಹರೂ ಶರ್ಟು, ತಲೆಯ ಮೇಲೆ ಟೋಪಿ, ಹೆಗಲ ಮೇಲೆ ಟವೆಲ್ಲು, ಕಿಸೆಯಲ್ಲಿ ಸುಣ್ಣದ ಡಬ್ಬಿ, ಎಡಗೈಯಲ್ಲಿ ಲಗ್ನಪತ್ರಿಕೆಗಳ ಕಟ್ಟು, ಬಲಗೈಯಲ್ಲಿ ಸದಾ ಯಾರೊಂದಿಗೋ ಮಾತಿನಲ್ಲಿರುವ ಮೊಬೈಲು, ಇವು ಕಾಕಾನ ಬಾಹ್ಯ ಲಕ್ಷಣಗಳು. ಪ್ರಯಾಣದುದ್ದಕ್ಕೂ ಅವರು ಸುಮ್ಮನೆ ಕೂತಿರುವುದಿಲ್ಲ. ಕಾರು ಹಿಂದಕ್ಕೆ ಸರಿಯುವಾಗ ಅವರು ಹೊರಗೆ ಇಣುಕದೆಯೇ "ಬರ್ಲಿ, ಬರ್ಲಿ, ಭಾಳ ಜಾಗಾ ಅದ" ಎಂದು ಹುರಿದುಂಬಿಸುತ್ತಾರೆ, ಹಿಂದಿನ ಬಂಪರು ಯಾವುದಾದರೂ ಬೈಕಿಗೆ ತಾಗಿದ ಸಪ್ಪಳ ಕೇಳಿದೊಡನೆ "ಬಸ್" ಎನ್ನುತ್ತಾರೆ. ಆದರೆ ಈ ಅಧ್ಯಯನಕ್ಕೆ ಸಂಬಂಧಪಟ್ಟ ಅವರ ಮುಖ್ಯ ವ್ಯಾಪಾರ ಬಾಗಿಲು ತೆರೆಯುವುದು, ಮತ್ತು ಆ ಬಾಗಿಲು ಪಕ್ಕದ ಕಾರಿಗೆ ಬಡಿದ ಮೇಲೆ ನಡೆಯುವುದು.

ಕಾರಿನ ಬಾಗಿಲಿಗೆ ತಯಾರಕರು ಒಂದು ತಡೆಪಟ್ಟಿಯನ್ನು ಇಟ್ಟಿರುತ್ತಾರೆ. ಬಾಗಿಲು ಒಮ್ಮೆಗೇ ಪೂರ್ತಿ ತೆರೆದುಕೊಳ್ಳದೆ ನಡುವೆ ಒಂದು ಕಡೆ ತುಸು ನಿಲ್ಲುವಂತೆ ಮಾಡುವ ಈ ಪಟ್ಟಿಯ ಉದ್ದೇಶ, ಇಳಿಯುವವನಿಗೆ ಹೊರಗೆ ನೋಡಲು ಒಂದು ಕ್ಷಣ ಸಿಗಲಿ ಎಂಬುದೇ ಇರಬೇಕು. ಕಾಕಾನಿಗೆ ಆ ನಡುವಣ ನಿಲ್ದಾಣದ ಪರಿಚಯವಿಲ್ಲ. ಚಕ್ರಗಳು ಇನ್ನೂ ಉರುಳುತ್ತಿರುವಾಗಲೇ ಅವರು ಹಿಡಿಯನ್ನು ಎಳೆದು, ಮೊಣಕೈಯಿಂದ ನೂಕಿ, ಉಳಿದುದನ್ನು ಎಡಗಾಲಿನಿಂದ ಪೂರೈಸುತ್ತಾರೆ. "ತಡೀರಿ ಕಾಕಾ, ನೋಡಿ ಇಳೀರಿ" ಎಂದು ಅಣ್ಣನ ಮಗ ಹೇಳುವ ಹೊತ್ತಿಗೆ ಹೇಳಬೇಕಾದ ಸಂದರ್ಭ ಮುಗಿದಿರುತ್ತದೆ.

ಇಂತಹ ಬಡಿತಗಳು ಈ ಮೂರು ತಾಲ್ಲೂಕುಗಳಲ್ಲಿ ಇಷ್ಟು ಸಲೀಸಾಗಿ ನಡೆಯುವುದಕ್ಕೆ ಕಾಕಾನ ಕಾಲಿನಷ್ಟೇ ಇಲ್ಲಿನ ಹವೆಯೂ ಕಾರಣವಾಗಿದೆ. ಲಗ್ನಗಳ ಹಂಗಾಮು ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬರುತ್ತದೆ. ಅದೇ ದಿನಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. ಕಲ್ಯಾಣ ಮಂಟಪದ ಸುತ್ತ ಹತ್ತು ಎಕರೆ ಬಯಲು ಖಾಲಿ ಬಿದ್ದಿದ್ದರೂ ಇರುವ ಒಂದು ಬೇವಿನ ಗಿಡದ ನೆರಳಿಗೆ ಎಲ್ಲ ಕಾರುಗಳೂ, ಎರಡು ಕ್ರೂಸರುಗಳೂ, ಅಡುಗೆಯವರ ಟಂಟಂ ಒಂದೂ ಸೇರಿ ಒಂದರ ಮಗ್ಗುಲಿಗೆ ಒಂದು ಗೇಣಳತೆಯ ಅಂತರದಲ್ಲಿ ನಿಲ್ಲುತ್ತವೆ. ಹುಣ್ಣಿಮೆಯ ದಿನ ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ, ಭೀಮಾ ಮತ್ತು ಅಮರ್ಜಾ ನದಿಗಳು ಕೂಡುವ ಸಂಗಮದ ದಾರಿಯಲ್ಲಿ, ದತ್ತನ ಭಕ್ತರ ವಾಹನಗಳು ನಿಲ್ಲುವುದೂ ಹೀಗೆಯೇ. ಆಳಂದದಲ್ಲಿ ಲಾಡ್ಲೆ ಮಶಾಕರ ಉರುಸಿನ ದಿನಗಳಲ್ಲಂತೂ ಬಾಗಿಲನ್ನು ಪೂರ್ತಿ ತೆರೆಯುವುದೇ ಭೌತಶಾಸ್ತ್ರದ ನಿಯಮಗಳಿಗೆ ವಿರುದ್ಧವಾಗಿರುತ್ತದೆ, ಆದರೆ ಕಾಕಾ ತೆರೆಯುತ್ತಾರೆ.

ಬಾಗಿಲು ಬಡಿದ ಮೇಲೆ ಕಾಕಾ ಮಂಡಿಸುವ ವಾದಕ್ಕೆ ಒಂದು ಕ್ರಮವಿದೆ. ಮೊದಲನೆಯದಾಗಿ ಅವರು ಘಟನೆಯಿಂದ ಕರ್ತೃವನ್ನು ತೆಗೆದುಹಾಕುತ್ತಾರೆ: "ಬಡದದ್ದು ಬಾಗಲಾ, ನಾ ಬರೇ ಇಳಿದೀನಿ." ಎರಡನೆಯದಾಗಿ ದೋಷವನ್ನು ನಿಂತ ವಾಹನಕ್ಕೆ ವರ್ಗಾಯಿಸುತ್ತಾರೆ: "ಇಷ್ಟು ಹತ್ತಿಸಿ ಗಾಡಿ ಯಾಕ ನಿಂದರ್ಸಿರಿ?" ಪಕ್ಕದ ಕಾರು ಬೆಳಗಿನಿಂದ ಅಲ್ಲಿಯೇ ಇದ್ದು, ಅದರ ಹತ್ತಿರಕ್ಕೆ ಬಂದು ನಿಂತದ್ದು ತಮ್ಮ ಕಾರೇ ಎಂಬ ಆಕ್ಷೇಪವನ್ನು ಅವರು ಕೇಳಿಸಿಕೊಳ್ಳುವುದಿಲ್ಲ. ಮೂರನೆಯದು ಹಾನಿಯ ಪ್ರಮಾಣಕ್ಕೆ ಸಂಬಂಧಿಸಿದ್ದು. ನೆಗ್ಗಿದ ಜಾಗವನ್ನು ಅವರು ಟವೆಲ್ಲಿನ ತುದಿಯಿಂದ ಎರಡು ಸಲ ಒರೆಸಿ, ಅದು ಧೂಳು ಮಾತ್ರವೆಂದು ಸಾರುತ್ತಾರೆ, ಒರೆಸಿದ ಮೇಲೆ ಅದು ಇನ್ನಷ್ಟು ಸ್ಪಷ್ಟವಾಗಿ ಕಂಡರೂ ಸಹ. ಈ ಮೂರೂ ಸೋತಾಗ ಅವರು ತಮ್ಮ ನಿಜವಾದ ಅಸ್ತ್ರವನ್ನು ಹೊರತೆಗೆಯುತ್ತಾರೆ: "ಇರ್ಲಿ ಬಿಡ್ರಿ, ಯಾವೂರ್ರೀ ನಿಮ್ದು?"

ಮೋಟಾರು ವಾಹನ ಕಾಯ್ದೆ, 1988ರ 132ನೆಯ ಕಲಮು, ಅಪಘಾತ ಅಥವಾ ಹಾನಿಯಾದಾಗ ಚಾಲಕನು ವಾಹನ ನಿಲ್ಲಿಸಬೇಕೆಂದೂ, ಬಾಧಿತನು ಕೇಳಿದರೆ ತನ್ನ ಮತ್ತು ಮಾಲೀಕನ ಹೆಸರು ವಿಳಾಸಗಳನ್ನು ಕೊಡಬೇಕೆಂದೂ, ಹಾಗೆ ಕೇಳುವವನು ತನ್ನ ಹೆಸರು ವಿಳಾಸವನ್ನೂ ತಿಳಿಸಬೇಕೆಂದೂ ವಿಧಿಸುತ್ತದೆ. ಕಾಕಾ ಈ ಕಲಮಿನ ಕೊನೆಯ ಭಾಗದಿಂದ ಕೆಲಸ ಆರಂಭಿಸಿ ಮೊದಲ ಭಾಗಕ್ಕೆ ಬರುವುದೇ ಇಲ್ಲ. ಬಾಧಿತನ ಊರು, ತಂದೆಯ ಹೆಸರು, ತಾಯಿಯ ತವರು, ಹೆಂಡತಿಯ ಮನೆತನ, ತಂಗಿಯನ್ನು ಕೊಟ್ಟ ಊರು, ಹೀಗೆ ವಿಚಾರಣೆ ಮುಂದುವರಿದು, ಹತ್ತು ನಿಮಿಷದೊಳಗೆ ಆತ ಜೇವರ್ಗಿಯ ಬೀಗರ ದೊಡ್ಡಪ್ಪನ ಅಳಿಯನೆಂಬುದು ಸಿದ್ಧವಾಗುತ್ತದೆ. ಸಂಬಂಧ ಸಿದ್ಧವಾದ ಕ್ಷಣವೇ ಪರಿಹಾರ ಕೇಳುವುದು ಅಸಭ್ಯವಾಗಿಬಿಡುತ್ತದೆ. ಬಾಗಿಲು ನೆಗ್ಗಿಸಿಕೊಂಡವನೇ "ಹೋಗ್ಲಿ ಬಿಡ್ರಿ ಕಾಕಾ, ನೀವೇನ್ ಬೇಕಂತ ಮಾಡೀರೇನು" ಎಂದು ಸಮಾಧಾನ ಹೇಳಬೇಕಾಗುತ್ತದೆ, ಕಾಕಾ ಆ ಸಮಾಧಾನವನ್ನು ದೊಡ್ಡ ಮನಸ್ಸಿನಿಂದ ಸ್ವೀಕರಿಸುತ್ತಾರೆ. ಗಾಣಗಾಪುರದಲ್ಲಿ ಪಕ್ಕದ ಕಾರಿನ ಫಲಕದ ಮೇಲೆ ಕೆಎ-32ರ ಬದಲು ಸೊಲ್ಲಾಪುರದ ಎಂಎಚ್-13 ಇದ್ದರೂ ಈ ಪದ್ಧತಿಗೆ ಧಕ್ಕೆಯಿಲ್ಲ. ಕಾಕಾ ಒಡನೆಯೇ ಮರಾಠಿಗೆ ಹೊರಳುತ್ತಾರೆ, ಎದುರಿನವನು ಅಕ್ಕಲಕೋಟೆಯ ಕಡೆಯವನಾದುದರಿಂದ ಕನ್ನಡದಲ್ಲಿಯೇ ಉತ್ತರಿಸುತ್ತಾನೆ, ಮತ್ತು ಗಡಿಯ ಎರಡೂ ಬದಿಗೆ ಹೆಣ್ಣು ಕೊಟ್ಟು ತಂದುಕೊಂಡ ಮನೆತನಗಳ ಲೆಕ್ಕ ಅಲ್ಲಿಂದ ಶುರುವಾಗುತ್ತದೆ. ರಾಜ್ಯಗಳ ಪುನರ್ವಿಂಗಡಣೆ 1956ರಲ್ಲಿ ಮುಗಿಯಿತೆಂದು ತಿಳಿದವರು ಈ ಸಂಭಾಷಣೆಯನ್ನು ಒಮ್ಮೆ ಕೇಳಬೇಕು.

ಪದ್ಧತಿ ಕೆಡುವುದು ಬೆಂಗಳೂರಿನ ಕಾರಿನ ಮುಂದೆ. ಅದರ ಮಾಲೀಕ ಊರಿನ ಹೆಸರು ಹೇಳುವ ಬದಲು ನೆಗ್ಗಿನ ನಾಲ್ಕು ಫೋಟೋ ತೆಗೆದು, ಇನ್ಶೂರೆನ್ಸ್ ಎಂಬ ಶಬ್ದವನ್ನು ಉಚ್ಚರಿಸುತ್ತಾನೆ. ಆಗ, ಯಾರು ಹೊಣೆ ಎಂಬ ಪ್ರಶ್ನೆ ವಂಶಾವಳಿಯ ಕ್ಷೇತ್ರವನ್ನು ಬಿಟ್ಟು ಕಾನೂನಿನ ಕ್ಷೇತ್ರವನ್ನು ಪ್ರವೇಶಿಸುತ್ತದೆ.

ಕಾನೂನಿನ ಮೂಲತತ್ತ್ವ ಸರಳವಾದುದು. ಒಬ್ಬನು ವಹಿಸಬೇಕಾದ ಎಚ್ಚರವನ್ನು ವಹಿಸದೆ ಇನ್ನೊಬ್ಬನಿಗೆ ನಷ್ಟ ಮಾಡಿದರೆ, ಅವರ ನಡುವೆ ಯಾವ ಕರಾರು ಇಲ್ಲದಿದ್ದರೂ, ಆ ನಷ್ಟವನ್ನು ಅವನೇ ತುಂಬಿಕೊಡಬೇಕು, ಇದನ್ನು ಅಪಕೃತ್ಯವೆನ್ನುತ್ತಾರೆ. ನೋಡದೆ ಬಾಗಿಲು ತೆರೆದವರು ಕಾಕಾ ಆದ್ದರಿಂದ ಹೊಣೆಯೂ ಅವರದೇ. ಅಣ್ಣನ ಮಗ ಹೊಣೆಯಾಗಬೇಕಾದರೆ ಒಂದೋ ಅವನ ಸ್ವಂತ ತಪ್ಪು ಇರಬೇಕು, ಇಳಿಯಬಾರದ ಜಾಗದಲ್ಲಿ ಕಾರು ನಿಲ್ಲಿಸಿ "ಇಳೀರಿ" ಅಂದಿರಬೇಕು. ಇಲ್ಲವೆ ಕಾಕಾ ಅವನ ಆಳಾಗಿರಬೇಕು, ಏಕೆಂದರೆ ಆಳಿನ ತಪ್ಪಿಗೆ ಒಡೆಯ ಹೊಣೆಯಾಗುವ ಪರೋಕ್ಷ ಹೊಣೆಗಾರಿಕೆಯೆಂಬ ತತ್ತ್ವವೊಂದಿದೆ. ಕಾರಿನ ಮಾಲೀಕನಾದ ಮಾತ್ರಕ್ಕೆ ಎಲ್ಲದಕ್ಕೂ ಹೊಣೆಯಾಗುವುದಿಲ್ಲವೆಂದೂ, ಕೃತ್ಯವು ಅವನ ಕೆಲಸದ ಭಾಗವಾಗಿ ನಡೆದಿರಬೇಕೆಂದೂ ಸುಪ್ರೀಂ ಕೋರ್ಟು 1966ರಲ್ಲಿ ಸೀತಾರಾಮ ಮೋತಿಲಾಲ ಕಲಾಲ ಪ್ರಕರಣದಲ್ಲಿ ಹೇಳಿದೆ. ಈ ತತ್ತ್ವವನ್ನು ಕಾಕಾನ ಪ್ರಸಂಗಕ್ಕೆ ನಿಷ್ಠುರವಾಗಿ ಅನ್ವಯಿಸಿದರೆ ಫಲಿತಾಂಶ ವಿಚಿತ್ರವಾಗಿ ಬರುತ್ತದೆ: ನಸುಕಿನಲ್ಲಿ ಫೋನು ಮಾಡಿ "ತಮ್ಮಾ, ಗಾಡಿ ತಗೊಂಡ್ ಬಾ" ಎಂದು ಅಪ್ಪಣೆ ಕೊಡುವವರು ಕಾಕಾ, ಅವರ ಕೆಲಸಕ್ಕೆ ಅವರು ಹೇಳಿದಲ್ಲಿಗೆ ಕಾರು ನಡೆಸುವವನು ಅಣ್ಣನ ಮಗ, ಆದುದರಿಂದ ಇವರಿಬ್ಬರಲ್ಲಿ ಆಳು ಯಾರೆಂಬುದರ ಬಗ್ಗೆ ನ್ಯಾಯಾಲಯಕ್ಕೆ ಹೆಚ್ಚಿನ ಸಾಕ್ಷ್ಯ ಬೇಕಾಗಲಾರದು.

ಇಂಗ್ಲೆಂಡಿನಲ್ಲಿ ಕಾಕಾನಂಥವರ ಹಾವಳಿ ಹಳೆಯದೆಂದು ಕಾಣುತ್ತದೆ. ಅಲ್ಲಿನ 1960ರ ದಶಕದ ಬ್ರೌನ್ ವಿರುದ್ಧ ರಾಬರ್ಟ್ಸ್ ಪ್ರಕರಣದಲ್ಲಿ ವ್ಯಾನಿನ ಪ್ರಯಾಣಿಕ ತೆರೆದ ಬಾಗಿಲು ಪಾದಚಾರಿಯೊಬ್ಬರಿಗೆ ಬಡಿಯಿತು. ವ್ಯಾನು ನಡೆಸಿದವನು ಹೊಣೆಯಲ್ಲವೆಂದೂ, ಪ್ರಯಾಣಿಕನಾದವನು ಕಡ್ಡಾಯ ವಿಮೆಯ ಕಾನೂನಿನ ಅರ್ಥದಲ್ಲಿ ವಾಹನವನ್ನು 'ಬಳಸುವವನು' ಅಲ್ಲವೆಂದೂ ನ್ಯಾಯಾಲಯ ತೀರ್ಮಾನಿಸಿತು. ಅಲ್ಲಿನ 1986ರ ನಿಯಮಾವಳಿಯ 105ನೆಯ ನಿಯಮವು ಯಾರಿಗಾದರೂ ಗಾಯವಾಗುವಂತೆ ಅಥವಾ ಅಪಾಯವಾಗುವಂತೆ ಬಾಗಿಲು ತೆರೆಯುವುದನ್ನೂ, ತೆರೆಯಗೊಡುವುದನ್ನೂ ಅಪರಾಧವೆನ್ನುತ್ತದೆ; 'ತೆರೆಯಗೊಡುವುದು' ಎಂಬ ಮಾತು ಅಣ್ಣನ ಮಕ್ಕಳನ್ನು ಕಣ್ಣ ಮುಂದಿಟ್ಟುಕೊಂಡೇ ಸೇರಿಸಿದಂತಿದೆ. ಭಾರತದಲ್ಲಿ ವಾಹನದ 'ಬಳಕೆ' ಎಂಬುದಕ್ಕೆ ಸುಪ್ರೀಂ ಕೋರ್ಟು ಬಹು ವಿಶಾಲವಾದ ಅರ್ಥ ಕೊಟ್ಟಿದೆ. ಡಿಕ್ಕಿಯಾಗಿ ಉರುಳಿ ಬಿದ್ದ ಪೆಟ್ರೋಲ್ ಟ್ಯಾಂಕರೊಂದು ಗಂಟೆಗಳ ನಂತರ ಸ್ಫೋಟಿಸಿದ ಶಿವಾಜಿ ದಯಾನು ಪಾಟೀಲ ಪ್ರಕರಣದಲ್ಲಿ, ನಿಶ್ಚಲವಾಗಿ ಬಿದ್ದಿದ್ದ ವಾಹನವೂ 'ಬಳಕೆ'ಯಲ್ಲಿಯೇ ಇತ್ತೆಂದು ಅದು 1991ರಲ್ಲಿ ಒಪ್ಪಿತು. ಆದುದರಿಂದ "ಗಾಡಿ ನಿಂತಿತ್ತಲ್ರೀ" ಎಂಬ ವಾದ ಇಲ್ಲಿ ಅಷ್ಟಾಗಿ ನಡೆಯದು.

ವಿಮೆಯ ಸಂಗತಿ ಇನ್ನೂ ಸ್ವಾರಸ್ಯದ್ದು. ಮೂರನೆಯ ವ್ಯಕ್ತಿಯ ವಿಮೆ, ಅಂದರೆ ಒಂದು ವಾಹನದಿಂದ ಹೊರಗಿನವರಿಗೆ ಆಗುವ ಹಾನಿಯನ್ನು ತುಂಬುವ ವಿಮೆ, ಕಡ್ಡಾಯವಾದುದು. ಖಾಸಗಿ ಕಾರಿನ ಪಾಲಿಸಿ ಪರರ ಆಸ್ತಿಯ ಹಾನಿಗೆ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿವರೆಗೆ ರಕ್ಷಣೆ ಕೊಡುತ್ತದೆ. ಆದರೆ ಆ ರಕ್ಷಣೆ ಮಾಲೀಕನಿಗೆ ಮತ್ತು ಅವನ ಒಪ್ಪಿಗೆಯಿಂದ ಕಾರು ನಡೆಸುವವನಿಗೆ. ಇಡೀ ಕಾರು ತನ್ನದೆಂಬಂತೆ ಕೂತಿದ್ದ ಕಾಕಾ ಪಾಲಿಸಿಯ ಕಾಗದದಲ್ಲಿ ಎಲ್ಲಿಯೂ ಇಲ್ಲ. ಬೆಂಗಳೂರಿನವನು ತನ್ನದೇ ಪಾಲಿಸಿಯಿಂದ ದುರಸ್ತಿ ಮಾಡಿಸಿಕೊಳ್ಳಬಹುದು. ಹಾಗೆ ಮಾಡಿದರೆ ಮೊದಲ 1,000 ಅಥವಾ 2,000 ರೂಪಾಯಿಯನ್ನು ಎಂಜಿನ್ನಿನ ಗಾತ್ರಕ್ಕೆ ಅನುಗುಣವಾಗಿ ಅವನೇ ಭರಿಸಬೇಕು, ಜೊತೆಗೆ ಹಕ್ಕುಸಾಧನೆ ಮಾಡದ ವರ್ಷಗಳಿಗಾಗಿ ಪ್ರೀಮಿಯಮಿನಲ್ಲಿ ಸಿಗುವ, ಶೇಕಡಾ 20ರಿಂದ 50ರವರೆಗೆ ಏರುವ ನೋ ಕ್ಲೇಮ್ ಬೋನಸ್ಸನ್ನು ಕಳೆದುಕೊಳ್ಳಬೇಕು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಆಸ್ತಿ ಹಾನಿಯನ್ನೂ ವಿಚಾರಿಸುವ ಅಧಿಕಾರವಿದೆಯಾದರೂ ಒಂದು ನೆಗ್ಗಿಗಾಗಿ ವಕೀಲರನ್ನು ಹಿಡಿದು ಬೆಂಗಳೂರಿನಿಂದ ತಾರೀಖಿಗೆ ಬರುವವನು ಲೆಕ್ಕ ಬಲ್ಲವನಲ್ಲ. ಹೀಗಾಗಿ ವ್ಯಾಜ್ಯ ಬೇವಿನ ಗಿಡದ ಬುಡದಲ್ಲಿಯೇ, ಡೆಂಟಿಂಗ್-ಪೇಂಟಿಂಗಿನ ಅಂದಾಜು ಖರ್ಚಿನ ಮೇಲೆ ತೀರ್ಮಾನವಾಗುತ್ತದೆ.

ಆ ತೀರ್ಮಾನದಲ್ಲಿ ಕಾಕಾ ಪ್ರತಿವಾದಿಯ ಸ್ಥಾನದಿಂದ ಎದ್ದು ಪಂಚರ ಸ್ಥಾನಕ್ಕೆ ಯಾವಾಗ ಸರಿದರೆಂಬುದು ಯಾರ ಗಮನಕ್ಕೂ ಬರುವುದಿಲ್ಲ. "ಐದ್ ಸಾವಿರ ಭಾಳ ಆಯ್ತು, ಮೂರಕ್ಕ ಮುಗಸ್ರಿ" ಎಂದು ಚೌಕಾಸಿ ಮಾಡುವವರು ಅವರೇ. "ಕೊಟ್ ಬಿಡು ತಮ್ಮಾ, ಪರ ಊರಿನ ಮಂದಿ, ನಮ್ಮ ಊರಿನ ಹೆಸರು ಕೆಡಬಾರದು" ಎಂದು ಅಣ್ಣನ ಮಗನಿಗೆ ಆಜ್ಞೆ ಮಾಡುವವರೂ ಅವರೇ. ಅಣ್ಣನ ಮಗ ಮೊಬೈಲಿನಿಂದ ಹಣ ಕಳಿಸುತ್ತಾನೆ. ಕಾಕಾನ ಹತ್ತಿರ ಹಣ ಕೇಳಬಹುದೆಂದು ಕಾನೂನು ಹೇಳಬಹುದು, ಆದರೆ ಕಾಕಾನನ್ನು ಕರೆತಂದವನೇ ಕಾಕಾನಿಗೆ ಹೊಣೆಯೆಂಬುದು ಈ ಸೀಮೆಯ ಸರ್ವಸಮ್ಮತ ಶಾಸನವಾಗಿದ್ದು, ಅದರ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲ. ಸಂಜೆ ಮನೆಯ ಕಟ್ಟೆಯ ಮೇಲೆ ಕೂತು ಕಾಕಾ ಹೇಳುವ ವರದಿಯಲ್ಲಿ ತಾವು ಇಲ್ಲದಿದ್ದರೆ ಹುಡುಗನಿಗೆ ಇನ್ನೂ ಎರಡು ಸಾವಿರ ನುಕ್ಸಾನ ಆಗುತ್ತಿತ್ತೆಂಬ ಅಂಶ ಪ್ರಧಾನವಾಗಿರುತ್ತದೆ.

ಅಣ್ಣನ ಮಕ್ಕಳು ಪರಿಹಾರೋಪಾಯಗಳನ್ನು ಹುಡುಕದೆ ಇಲ್ಲ. ಡಚ್ಚರ ರೂಢಿಯೆಂದು ಹೆಸರಾದ ಕ್ರಮವೊಂದಿದೆ: ಬಾಗಿಲಿನ ಪಕ್ಕದ ಕೈಯನ್ನು ಬಿಟ್ಟು ದೂರದ ಕೈಯಿಂದ ಹಿಡಿಯನ್ನು ಎಳೆದರೆ ಮೈ ತಾನಾಗಿ ಹೊರಳಿ ಹಿಂದೆ ಬರುವ ವಾಹನ ಕಣ್ಣಿಗೆ ಬೀಳುತ್ತದೆ; ಬ್ರಿಟನ್ನಿನ ಹೆದ್ದಾರಿ ಸಂಹಿತೆ ಇದನ್ನು 2022ರಲ್ಲಿ ಸೇರಿಸಿಕೊಂಡಿತು. ಎಡಗಡೆ ಕೂತ ಕಾಕಾನಿಗೆ ದೂರದ ಕೈಯೆಂದರೆ ಬಲಗೈ, ಬಲಗೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಬೀಗರು. ಹೀಗಾಗಿ ಈ ಸುಧಾರಣೆ ಭೀಮೆಯ ದಂಡೆಯನ್ನು ಮುಟ್ಟಲಿಲ್ಲ. ಮಕ್ಕಳು ಒಳಗಿನಿಂದ ಬಾಗಿಲು ತೆರೆಯದಂತೆ ಮಾಡುವ ಚೈಲ್ಡ್ ಲಾಕ್ ಎಂಬ ಚಿಕ್ಕ ಕೀಲಿ ಇನ್ನೊಂದು ಉಪಾಯ, ಆದರೆ ಅದು ಇರುವುದು ಹಿಂದಿನ ಬಾಗಿಲುಗಳಲ್ಲಿ. ಇದನ್ನರಿತ ಚತುರನೊಬ್ಬ, ಮಂತ್ರಿಗಳೆಲ್ಲ ಹಿಂದಿನ ಸೀಟಿನಲ್ಲಿಯೇ ಕೂರುತ್ತಾರೆಂದೂ, ಮುಂದೆ ಕೂರುವವನು ಅವರ ಅಂಗರಕ್ಷಕನೆಂದೂ ಕಾಕಾನಿಗೆ ಮನವರಿಕೆ ಮಾಡಿಕೊಟ್ಟನೆಂದರೆ, ಕಾಕಾ ಗಂಭೀರವಾಗಿ ಹಿಂದಿನ ಸೀಟಿಗೆ ಸರಿಯುತ್ತಾರೆ. ರಾಷ್ಟ್ರೀಯ ಹೆದ್ದಾರಿ 50ಕ್ಕೆ 150ಎ ಬಂದು ಸೇರುವ ಜೇವರ್ಗಿಯಲ್ಲಿ ಕಾರು ಚಹಾಕ್ಕೆಂದು ನಿಧಾನವಾದಾಗ ಅವರು ಎಂದಿನಂತೆ ಹಿಡಿಯನ್ನು ಎಳೆಯುತ್ತಾರೆ, ಬಾಗಿಲು ಅಲುಗುವುದಿಲ್ಲ, ಮತ್ತೊಮ್ಮೆ ಎಳೆಯುತ್ತಾರೆ. ಅನಂತರ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿ, ಕೈಯನ್ನು ಹೊರಗೆ ಚಾಚಿ, ಚೈಲ್ಡ್ ಲಾಕಿಗೆ ಯಾವ ಅಧಿಕಾರವೂ ಇಲ್ಲದ ಹೊರಗಿನ ಹಿಡಿಯನ್ನು ಹಿಡಿದು, ಮಗ್ಗುಲಲ್ಲಿ ನಿಂತ ಟಂಟಂನ ಕಡೆಗೆ ಬಾಗಿಲನ್ನು ನೂಕಿ, "ನಿನ್ನ ಗಾಡಿ ಬಾಗಲಾ ಕೆಟ್ಟದ ನೋಡು ತಮ್ಮಾ, ಮೊದಲ ರಿಪೇರಿ ಮಾಡ್ಸು" ಎನ್ನುತ್ತ ಇಳಿಯುತ್ತಾರೆ.