ಅಜ್ಜಿಮನೆಯ ವಿಸ್ತೀರ್ಣ: ರಜಾಸ್ಮೃತಿ ಶಾಸ್ತ್ರಕ್ಕೊಂದು ಪೀಠಿಕೆ

ಯಾವುದೇ ಶಾಸ್ತ್ರಗ್ರಂಥವು ಆರಂಭದಲ್ಲಿಯೇ ತನ್ನ ವಿಷಯ, ಪ್ರಯೋಜನ, ಸಂಬಂಧ ಮತ್ತು ಅಧಿಕಾರಿ ಎಂಬ ನಾಲ್ಕನ್ನು ತಿಳಿಸಬೇಕೆಂಬುದು ಪ್ರಾಚೀನರ ನಿಯಮ. ಇದಕ್ಕೆ ಅನುಬಂಧ ಚತುಷ್ಟಯವೆಂದು ಹೆಸರು. ಅದರಂತೆ ಪ್ರಸ್ತುತ ಪ್ರಬಂಧದ ವಿಷಯವು, ಬಾಲ್ಯದ ಬೇಸಿಗೆ ರಜೆಗಳನ್ನು ಅಜ್ಜಿಯ ಮನೆಯಲ್ಲಿ ಕಳೆದು ಮುಂದೆ ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನಸ್ಸಿನಲ್ಲಿ ಆ ಮನೆಯು ವರ್ಷದಿಂದ ವರ್ಷಕ್ಕೆ ಹೇಗೆ ದೊಡ್ಡದಾಗುತ್ತ ಹೋಗುತ್ತದೆ ಎಂಬುದಾಗಿದೆ. ಇದರ ಪ್ರಯೋಜನವು ಸದ್ಯಕ್ಕೆ ಗೋಚರಿಸಿಲ್ಲ. ಆದರೆ ಪ್ರಯೋಜನ ಗೋಚರಿಸದ ಕಾರಣಕ್ಕೆ ಯಾವ ಸಂಶೋಧನೆಯೂ ನಿಂತ ಉದಾಹರಣೆ ಇಲ್ಲವಾದ್ದರಿಂದ ಮುಂದುವರಿಯಲು ಬಾಧಕವಿಲ್ಲ. ವಿಷಯಕ್ಕೂ ಗ್ರಂಥಕ್ಕೂ ಇರುವ ಸಂಬಂಧವು ಗ್ರಂಥ ಮುಗಿಯುವುದರೊಳಗೆ ಕಾಣಿಸಬಹುದು. ಇನ್ನು ಅಧಿಕಾರಿ, ಅಂದರೆ ಓದಲು ಅರ್ಹತೆಯುಳ್ಳವರು: ಏಪ್ರಿಲ್ 10ರಂದು ಶಾಲೆಯ ಗೋಡೆಯ ಮೇಲೆ ಪಾಸೋ ಫೇಲೋ ನೋಡಿಕೊಂಡು ಮರುದಿನವೇ ಕೆಂಪು ಬಸ್ಸು ಹತ್ತಿದವರಾಗಿದ್ದು, ಈಗ ಫೆಬ್ರವರಿಯ ಹಿಮದಲ್ಲಿ ಕರಿಬೇವಿನ ಕುಂಡವನ್ನು ಮನೆಯೊಳಕ್ಕೆ ತಂದು ಹೀಟರಿನ ಪಕ್ಕದಲ್ಲಿಟ್ಟು ಅದರ ಯೋಗಕ್ಷೇಮವನ್ನು ವಿಚಾರಿಸಿಕೊಳ್ಳುತ್ತಿರುವವರು.

ಪಾರಿಭಾಷಿಕ ಪದವೊಂದನ್ನು ಇಲ್ಲಿಯೇ ನಿಷ್ಕರ್ಷಿಸುವುದು ಅಗತ್ಯ. ಅಜ್ಜಿಮನೆಯೆಂದರೆ ತಾಯಿಯ ತವರು. ಅದನ್ನು ಕಟ್ಟಿಸಿದವನು, ಅದರ ಕಂದಾಯ ಕಟ್ಟುವವನು ಮತ್ತು ಪಹಣಿಯಲ್ಲಿ ಹೆಸರುಳ್ಳವನು ಅಜ್ಜನೇ ಆಗಿದ್ದರೂ ಅದು ಅಜ್ಜಿಯ ಮನೆಯೇ. ಕರಾವಳಿಯಲ್ಲಿಯೂ ಘಟ್ಟದ ಮೇಲಿನ ಕೆಲವು ಸೀಮೆಗಳಲ್ಲಿಯೂ ಅಜ್ಜನ ಮನೆ ಎಂದೇ ಹೇಳುವ ವಾಡಿಕೆ ಇದೆಯೆಂಬ ಆಕ್ಷೇಪವನ್ನು ಪ್ರಬಂಧವು ಗೌರವದಿಂದ ಸ್ವೀಕರಿಸುತ್ತದೆ. ಆದರೆ ಅಲ್ಲಿಯೂ ಬೆಲ್ಲದ ಡಬ್ಬಿಯು ಯಾರ ವಶದಲ್ಲಿತ್ತು ಎಂದು ಆಕ್ಷೇಪಕರನ್ನು ಕೇಳಿದರೆ ಚರ್ಚೆಯು ತಾನಾಗಿ ಮುಗಿಯುತ್ತದೆ.

ಊರಿನ ಹಂಬಲವನ್ನು ಮೊದಲಿಗೆ ಶಾಸ್ತ್ರೀಯ ವಿಷಯವನ್ನಾಗಿ ಮಾಡಿದ ಕೀರ್ತಿ ಸ್ವಿಟ್ಜರ್ಲೆಂಡಿನವರಿಗೆ ಸಲ್ಲಬೇಕು. 1688ರಲ್ಲಿ ಬಾಸೆಲ್ ನಗರದಲ್ಲಿ ಯೋಹಾನಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿಯು ತನ್ನ ಪ್ರಬಂಧದಲ್ಲಿ ಇದನ್ನೊಂದು ರೋಗವೆಂದು ವಿವರಿಸಿ, ನಾಸ್ಟಾಲ್ಜಿಯಾ ಎಂದು ಅದಕ್ಕೆ ನಾಮಕರಣ ಮಾಡಿದನು. ಮುಂದೆ ಪರದೇಶದ ರಾಜರ ಬಳಿ ಸಂಬಳಕ್ಕೆ ಯುದ್ಧ ಮಾಡುತ್ತಿದ್ದ ಸ್ವಿಸ್ ಸೈನಿಕರ ಖಾಯಿಲೆಯೆಂದೇ ಅದು ಹೆಸರಾಯಿತು. ಹೊರದೇಶದ ಒಡೆಯನಿಗೆ ಸಂಬಳಕ್ಕೆ ದುಡಿಯುವವರ ರೋಗವೆಂಬ ಈ ಪ್ರಾಚೀನ ಲಕ್ಷಣವು ಸನ್ನಿವೇಲಿನ ಸಾಫ್ಟ್‌ವೇರ್ ಎಂಜಿನಿಯರುಗಳಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಜ್ಯೂರಿಕ್ಕಿನ ಶಾಯ್ಖ್‌ಟ್ಸರ್ ಎಂಬ ಪಂಡಿತನು ಇನ್ನೂ ಮುಂದೆ ಹೋಗಿ, ಬೆಟ್ಟದ ತೆಳುಗಾಳಿಯಲ್ಲಿ ಬೆಳೆದವರು ಬಯಲಿಗೆ ಇಳಿದಾಗ ಅಲ್ಲಿನ ಗಾಳಿಯ ಒತ್ತಡವು ಅವರ ದೇಹವನ್ನು ಅದುಮುವುದೇ ಈ ರೋಗಕ್ಕೆ ಕಾರಣವೆಂದು ವಾದಿಸಿದನು. ರೋಗಿಯನ್ನು ಊರಿಗೆ ಕಳುಹಿಸಲು ಆಗದಿದ್ದರೆ ಗುಡ್ಡವನ್ನೋ ಗೋಪುರವನ್ನೋ ಹತ್ತಿಸಬೇಕೆಂಬುದು ಅವನ ಮತ.

ಈ ಒತ್ತಡವಾದವನ್ನು ಕನ್ನಡ ಸಂದರ್ಭದಲ್ಲಿ ಪರೀಕ್ಷಿಸಿದರೆ ಸಿಗುವ ಫಲ ಮಿಶ್ರವಾದುದು. ಆಗುಂಬೆಯು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದ್ದು, ಹದಿನಾಲ್ಕು ತಿರುವುಗಳನ್ನು ಇಳಿದು ಸೋಮೇಶ್ವರ ಸೇರುವಷ್ಟರಲ್ಲಿ ಬಸ್ಸಿನಲ್ಲಿದ್ದ ಮಕ್ಕಳ ದೇಹಸ್ಥಿತಿಯಲ್ಲಿ ಗಂಭೀರವಾದ ವ್ಯತ್ಯಾಸ ಉಂಟಾಗುತ್ತಿದ್ದುದು ನಿಜವಾದರೂ, ಅದು ಊರಿನ ನೆನಪಿನಿಂದ ಆದದ್ದಲ್ಲ. ಮೇಲಾಗಿ, ಸುಮಾರು 1,600 ಮೀಟರ್ ಎತ್ತರದಲ್ಲಿರುವ ಡೆನ್ವರ್ ನಗರದ ಕನ್ನಡಿಗರು ಬೆಂಗಳೂರಿಗಿಂತಲೂ ತೆಳುವಾದ ಗಾಳಿಯನ್ನು ಉಸಿರಾಡುತ್ತಿದ್ದು, ಶಾಯ್ಖ್‌ಟ್ಸರನ ಪ್ರಕಾರ ಪೂರ್ಣ ಆರೋಗ್ಯವಂತರಾಗಿರಬೇಕಿತ್ತು. ಅವರೂ ಬ್ಯಾಡಗಿ ಮೆಣಸಿನಕಾಯಿಯ ಪೊಟ್ಟಣವನ್ನು ಮೂಸಿ ನೋಡಿ ಮೌನವಾಗುತ್ತಾರಾದ್ದರಿಂದ ಒತ್ತಡವಾದವನ್ನು ಇಲ್ಲಿಗೆ ಕೈಬಿಡಬೇಕಾಗುತ್ತದೆ.

ಇದಕ್ಕಿಂತ ಬಲವಾದ ಪೂರ್ವಪಕ್ಷವು, ಅಂದರೆ ಖಂಡಿಸಬೇಕಾದ ಎದುರುವಾದವು, ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್‌ನದು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರುಹೊಡೆದು, ತಾನೇ ಮರೆತು, ಮರೆತದ್ದನ್ನು ತಾನೇ ಅಳೆದುಕೊಂಡ ಈ ವಿದ್ವಾಂಸನು 1885ರಲ್ಲಿ ಪ್ರಕಟಿಸಿದ ಪ್ರಕಾರ, ಕಲಿತದ್ದು ಮೊದಲು ಬೇಗಬೇಗನೆ, ಆಮೇಲೆ ನಿಧಾನವಾಗಿ ಮಾಸುತ್ತದೆ. ಈ ಇಳಿಜಾರು ಗೆರೆಗೆ ವಿಸ್ಮರಣೆಯ ವಕ್ರರೇಖೆಯೆಂದು ಹೆಸರು. ಅನಿವಾಸಿ ಕನ್ನಡಿಗರ ವಿಷಯದಲ್ಲಿ ಈ ಗೆರೆಯು ಮೇಲ್ಮುಖವಾಗಿದೆ ಎಂಬುದೇ ಪ್ರಸ್ತುತ ಪ್ರಬಂಧದ ಮುಖ್ಯ ಸಿದ್ಧಾಂತ. ವಿಮಾನ ಹತ್ತಿದ ವರ್ಷದಲ್ಲಿ ಅಜ್ಜಿಮನೆಯೆಂದರೆ ಒಂದು ನಡುಮನೆ, ಹೊಗೆ ತುಂಬಿದ ಒಂದು ಅಡುಗೆಮನೆ, ಹಿತ್ತಲಲ್ಲಿ ಒಂದು ಹಲಸಿನ ಮರ ಮತ್ತು ಹಾಲು ಬತ್ತಿದ ಒಂದು ಎಮ್ಮೆ. ಎಚ್-1ಬಿ ವೀಸಾ ಮೊದಲ ಸಲ ನವೀಕರಣಗೊಳ್ಳುವ ಹೊತ್ತಿಗೆ ಹಲಸು ಎರಡಾಗಿ, ಪಕ್ಕದಲ್ಲಿ ರಸಪುರಿ ಮಾವಿನ ಗಿಡವೊಂದು ಹುಟ್ಟಿಕೊಳ್ಳುತ್ತದೆ. ಅನಂತರದ ಹಂತವೇ ಅತ್ಯಂತ ಫಲವತ್ತಾದುದು: ಪ್ರತಿವರ್ಷದ ಗ್ರೀನ್ ಕಾರ್ಡುಗಳಲ್ಲಿ ಯಾವ ಒಂದು ದೇಶದವರಿಗೂ ಶೇ. 7ಕ್ಕಿಂತ ಹೆಚ್ಚು ಪಾಲು ಹೋಗಬಾರದೆಂಬ ಮಿತಿಯಿಂದಾಗಿ ಭಾರತೀಯರ ಸರದಿಯು ದಶಕಗಳವರೆಗೆ ಚಾಚಿಕೊಂಡಿದ್ದು, ಸರದಿಯ ಉದ್ದಕ್ಕೂ ಅಜ್ಜಿಮನೆಯ ತೋಟದ ಅಗಲಕ್ಕೂ ನೇರ ಅನುಪಾತವಿರುವುದು ಸ್ಪಷ್ಟವಾಗಿದೆ. ಪೌರತ್ವದ ಪ್ರಮಾಣವಚನದ ದಿನಕ್ಕೆ ಮನೆಯು ಹದಿನಾರು ಕಂಬಗಳ ತೊಟ್ಟಿಮನೆಯಾಗಿ, ಎಮ್ಮೆಯು ಗೌರಿ ಎಂಬ ಹಸುವಾಗಿ, ದಿನಕ್ಕೆ ಎರಡು ಹೊತ್ತು ಕರೆಯುತ್ತಿರುತ್ತದೆ.

ದೂರವೇ ಇದಕ್ಕೆ ಕಾರಣವೆಂಬುದಕ್ಕೆ ಕೊಲ್ಲಿ ದೇಶಗಳು ಒಳ್ಳೆಯ ವ್ಯತಿರೇಕ ದೃಷ್ಟಾಂತ. ದುಬೈಯಿಂದ ಮಂಗಳೂರಿಗೆ ನಾಲ್ಕು ಗಂಟೆಯೊಳಗಿನ ಹಾರಾಟವಾಗಿದ್ದು, ಅಲ್ಲಿನವರು ಮದುವೆಗೆ, ಕೋಲಕ್ಕೆ, ಕೆಲವೊಮ್ಮೆ ಹಲ್ಲು ಕೀಳಿಸುವುದಕ್ಕೂ ಊರಿಗೆ ಬಂದುಹೋಗುವುದರಿಂದ ಅವರ ಅಜ್ಜಿಮನೆಯು ಇದ್ದ ಅಳತೆಯಲ್ಲಿಯೇ ಉಳಿದಿದೆ. ಸೋರುವ ಹಂಚುಗಳ ಸಂಖ್ಯೆಯನ್ನೂ ಅವರು ಸರಿಯಾಗಿ ಹೇಳಬಲ್ಲರು, ಏಕೆಂದರೆ ಅದರ ದುರಸ್ತಿಗೆ ಹಣ ಕಳುಹಿಸುವವರು ಅವರೇ. ಸುಮಾರು 14,000 ಕಿಲೋಮೀಟರ್ ಆಚೆಯ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯವರಿಗೆ ಮಾತ್ರ ಹಂಚು ಸೋರುವುದು ಸಂಗೀತವಾಗಿ ಕೇಳಿಸುತ್ತದೆ.

ಈ ಸ್ಮೃತಿಯು ಏನನ್ನು ಉಳಿಸಿಕೊಂಡು ಏನನ್ನು ಸೋಸಿಬಿಡುತ್ತದೆ ಎಂಬುದನ್ನು ತಿಳಿಯಲು ಬಸ್ ಪ್ರಯಾಣದ ಪ್ರಕರಣವೊಂದೇ ಸಾಕು. ಸ್ಮೃತಿಯಲ್ಲಿ ಉಳಿದಿರುವವು: ಹಾಸಿಗೆಯನ್ನು ಸುತ್ತಿ ಪಟ್ಟಿ ಬಿಗಿದ ಹೋಲ್ಡಾಲ್, ತಿರುಗಿಸಿ ಮುಚ್ಚುವ ಮುಚ್ಚಳದ ನೀರಿನ ಕೂಜಾ, ಬಾಳೆಲೆಯಲ್ಲಿ ಕಟ್ಟಿದ ಚಿತ್ರಾನ್ನ, ಮತ್ತು ಟವೆಲ್ಲು ಹಾಕುವ ಪದ್ಧತಿ. ಟವೆಲ್ಲು ಹಾಕುವುದೆಂದರೆ, ಬಸ್ಸು ನಿಲ್ದಾಣಕ್ಕೆ ಬರುತ್ತಿರುವಾಗಲೇ ಕಿಟಕಿಯ ಮೂಲಕ ಟವೆಲನ್ನು ಒಳಗೆಸೆದು, ಅದು ಬಿದ್ದ ಆಸನದ ಮೇಲೆ ಸ್ವಾಮ್ಯವನ್ನು ಸ್ಥಾಪಿಸುವುದು. ಟವೆಲ್ಲು ಸಾಲದಿದ್ದಲ್ಲಿ ಮನೆಯ ಅತಿ ಕಿರಿಯ ಮಗುವನ್ನೇ ಕಿಟಕಿಯಿಂದ ಒಳಕ್ಕೆ ದಾಟಿಸುವ ಪಾಠಾಂತರವೂ ಇತ್ತು. ಸೋಸಿಹೋಗಿರುವವು: ಡೀಸೆಲ್ ವಾಸನೆ, ಮೂಸಿಕೊಳ್ಳಲೆಂದು ಕೊಟ್ಟಿದ್ದ ನಿಂಬೆಹಣ್ಣು ನಿಷ್ಪ್ರಯೋಜಕವಾದದ್ದು, ಮುಂದಿನ ಸೀಟಿನವರ ಜರಿಯಂಚಿನ ಸೀರೆಗೆ ಆದ ಅನಾಹುತ, ಅದಕ್ಕಾಗಿ ತಾಯಿ ಅರಸೀಕೆರೆಯಿಂದ ಶಿವಮೊಗ್ಗದವರೆಗೂ ಕ್ಷಮೆ ಕೇಳುತ್ತಲೇ ಬಂದದ್ದು. ಕಿಟಕಿಯ ಸೀಟಿಗಾಗಿ ಒಡಹುಟ್ಟಿದವರ ತೊಡೆ ಚಿವುಟಿದ ಅದೇ ವ್ಯಕ್ತಿಯು ಇಂದು ವಿಮಾನದಲ್ಲಿ ಹೆಚ್ಚು ಹಣ ತೆತ್ತು ನಡುದಾರಿಯ ಪಕ್ಕದ ಸೀಟನ್ನು ಕಾಯ್ದಿರಿಸಿ, ಹದಿನಾರು ಗಂಟೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಆಗಿನ ಪ್ರಯಾಣದ ಮಜವೇ ಬೇರೆಯೆಂದು ಪಕ್ಕದವರಿಗೆ ತಿಳಿಸುತ್ತಾನೆ.

ವಸ್ತುವಿನ ಇಲ್ಲದಿರುವಿಕೆಯ ಜ್ಞಾನ ಹೇಗೆ ಉಂಟಾಗುತ್ತದೆಂಬ ಪ್ರಶ್ನೆಗೆ ಭಾಟ್ಟ ಮೀಮಾಂಸಕರು ಅನುಪಲಬ್ಧಿ ಎಂಬ ಪ್ರಮಾಣವನ್ನು ಹೇಳಿದ್ದಾರೆ. ನೆಲದ ಮೇಲೆ ಮಡಕೆ ಕಾಣದಿರುವುದರಿಂದಲೇ ಮಡಕೆಯಿಲ್ಲವೆಂಬ ಅರಿವು ಹುಟ್ಟುವುದು ಇದರ ಪ್ರಸಿದ್ಧ ಉದಾಹರಣೆ. ಅನಿವಾಸಿಯ ಅಡುಗೆಮನೆಯು ಈ ಪ್ರಮಾಣದ ಪ್ರಯೋಗಶಾಲೆ. ಫ್ರೀಜರಿನಲ್ಲಿ ಇಟ್ಟಿಗೆಯಾಗಿ ಕುಳಿತ ತೆಂಗಿನತುರಿಯನ್ನು ಚಾಕುವಿನಿಂದ ಒಡೆಯುವ ಗೃಹಸ್ಥನಿಗೆ ಈಳಿಗೆಮಣೆ ನೆನಪಾಗುವುದೂ, 2007ರಲ್ಲಿ ವಿಕಿರಣದ ಸಂಸ್ಕಾರ ಪಡೆದು ಅಮೆರಿಕವನ್ನು ಪ್ರವೇಶಿಸಲು ಅನುಮತಿ ಪಡೆದ ಭಾರತದ ಮಾವನ್ನು ಪೆಟ್ಟಿಗೆಗೆ ಇಷ್ಟು ಡಾಲರೆಂದು ಕೊಂಡು ತಂದವನಿಗೆ ಹುಲ್ಲಿನ ಮೇಲೆ ಹಣ್ಣಿಗೆ ಹಾಕಿದ ಅಟ್ಟ ನೆನಪಾಗುವುದೂ ಇದರಿಂದಲೇ. ನೈಯಾಯಿಕರ ಅಭಾವವಿಭಾಗವೂ ಇಲ್ಲಿ ಉಪಯುಕ್ತ. ಇದ್ದ ವಸ್ತು ನಾಶವಾದ ಮೇಲಿನ ಇಲ್ಲದಿರುವಿಕೆಗೆ ಪ್ರಧ್ವಂಸಾಭಾವವೆಂದು ಹೆಸರು. ಸೋದರಮಾವಂದಿರು ಪಾಲು ಮಾಡಿಕೊಂಡು ಹಳೆಯ ಮನೆಯನ್ನು ಕೆಡವಿ ಅಲ್ಲಿ ಕಲ್ಯಾಣಮಂಟಪ ಕಟ್ಟಿಸಿರುವುದು ಇದಕ್ಕೆ ಉದಾಹರಣೆ. ಕುಟುಂಬದ ವಾಟ್ಸ್ಯಾಪ್ ಗುಂಪಿನಲ್ಲಿ ಅದರ ಉದ್ಘಾಟನೆಯ ಚಿತ್ರಗಳು ಬಂದಾಗ ಅತ್ಯಂತ ತೀವ್ರವಾಗಿ ಶೋಕಿಸುವವರು, ಮಾಡಿನ ರಿಪೇರಿಗೆಂದು ಹಿಂದೊಮ್ಮೆ ಚಂದಾ ಕೇಳಿದಾಗ ಆ ಸಂದೇಶವನ್ನು ನೋಡದವರೇ ಆಗಿರುತ್ತಾರೆ. ಇದನ್ನು ಖಂಡಿಸುವುದು ಶಾಸ್ತ್ರದ ಕೆಲಸವಲ್ಲ.

ಈಗ ರಜಾಸ್ಮೃತಿ ಶಾಸ್ತ್ರದ ಬಗೆಹರಿಯದ ಸಮಸ್ಯೆಯತ್ತ ಬರಬೇಕು. ಇದನ್ನು ಅತ್ತೆಯ ವಿರೋಧಾಭಾಸವೆಂದು ಕರೆಯಬಹುದು. ಎಲ್ಲ ಸ್ಮೃತಿಗಳಲ್ಲಿಯೂ ತಪ್ಪದೆ ಬರುವ ದೃಶ್ಯವೆಂದರೆ ಕೈತುತ್ತು: ಬೆಳದಿಂಗಳಿನಲ್ಲಿ ಅಂಗಳದಲ್ಲಿ ಸುತ್ತ ಕುಳಿತ ಮೊಮ್ಮಕ್ಕಳಿಗೆ ಅಜ್ಜಿಯು ದೊಡ್ಡ ಪಾತ್ರೆಯಲ್ಲಿ ಅನ್ನ ಕಲಸಿ, ಚಾಚಿದ ಕೈಗಳಿಗೆ ಸರದಿಯಂತೆ ಉಂಡೆ ಇಡುವುದು, ಉಂಡೆಯ ಮೇಲಿನ ಕುಳಿಯಲ್ಲಿ ಹುಳಿಯೋ ಗೊಜ್ಜೋ ನಿಲ್ಲುವುದು. ಆದರೆ ಅಕ್ಕಿ ಆರಿಸಿದವರು, ಹುಳಿಗೆ ಒರಳಿನಲ್ಲಿ ರುಬ್ಬಿದವರು, ಅಷ್ಟು ಮಕ್ಕಳಿಗೆ ಹಂಡೆಯಲ್ಲಿ ನೀರು ಕಾಯಿಸಿ ಎಣ್ಣೆ ಹಚ್ಚಿ ಎರೆದವರು, ಮಧ್ಯಾಹ್ನ ಹಲಸಿನ ತೊಳೆ ಬೇಯಿಸಿ ಹಪ್ಪಳ ತಟ್ಟಿದವರು ಯಾರೆಂದು ಕೇಳಿದರೆ ಸ್ಮೃತಿಕಾರರು ಕೆಲಹೊತ್ತು ಯೋಚಿಸಿ, ಒಳಗಿನಿಂದ ಬಳೆಯ ಸದ್ದು ಕೇಳಿಸುತ್ತಿತ್ತೆಂದು ಹೇಳುತ್ತಾರೆ. ಆ ಬಳೆಗಳು ಸೋದರಮಾವನ ಹೆಂಡತಿಯವು, ಅಂದರೆ ಅತ್ತೆಯವು. ಅತ್ತೆಗೂ ಮಕ್ಕಳಿದ್ದರು, ಆ ಮಕ್ಕಳಿಗೂ ಶಾಸ್ತ್ರದ ಪ್ರಕಾರ ಒಂದು ಅಜ್ಜಿಮನೆಯಿರಬೇಕು, ಅದು ಅತ್ತೆಯ ತವರು. ಏಪ್ರಿಲ್ 11ರಿಂದ ಮೇ ಕೊನೆಯವರೆಗೆ ನಾದಿನಿಯರು ಮಕ್ಕಳೊಂದಿಗೆ ಬಂದಿಳಿದಿರುವಾಗ ಅತ್ತೆಯು ತವರಿಗೆ ಹೋಗುವಂತಿಲ್ಲ. ಅವರು ಹೊರಟ ಮರುವಾರವೇ ಶಾಲೆ ಆರಂಭವಾಗುವುದರಿಂದ ಆಮೇಲೂ ಹೋಗುವಂತಿಲ್ಲ. ಹಾಗಿದ್ದಲ್ಲಿ ಎಲ್ಲ ಮಕ್ಕಳೂ ರಜೆಯಲ್ಲಿ ಅಜ್ಜಿಮನೆಗೆ ಹೋಗುತ್ತಿದ್ದರು ಎಂಬ ಸಾರ್ವತ್ರಿಕ ವಾಕ್ಯವು ತಾರ್ಕಿಕವಾಗಿ ಅಸಾಧ್ಯ: ಎಲ್ಲರೂ ಹೋಗಿದ್ದರೆ ಅಲ್ಲಿ ಅಡುಗೆ ಮಾಡುವವರು ಯಾರೂ ಇರುತ್ತಿರಲಿಲ್ಲ. ಸ್ಮೃತಿಕಾರರ ತಾಯಂದಿರು ಈ ಪ್ರಶ್ನೆಗೆ ಉತ್ತರ ಬಲ್ಲರು, ಏಕೆಂದರೆ ಅವರೂ ತಮ್ಮ ತಮ್ಮ ಗಂಡನ ಮನೆಗಳಲ್ಲಿ ಯಾರಿಗೋ ಅತ್ತೆಯಾಗಿದ್ದವರೇ, ಮತ್ತು ಆ ರಜೆಯ ಮೊದಲ ವಾರವನ್ನು ತವರಿನ ನಡುಮನೆಯಲ್ಲಿ ನಿದ್ರೆ ಮಾಡಿ ಕಳೆದವರೇ. ಅವರನ್ನು ಕೇಳಿದವರು ಕಡಿಮೆ.

ಕೊನೆಯದಾಗಿ ಶಾಸ್ತ್ರದ ಅನ್ವಯಭಾಗ. ತಮ್ಮ ಮಕ್ಕಳಿಗೂ ಇಂಥದೇ ಸ್ಮೃತಿಯನ್ನು ಕಟ್ಟಿಕೊಡಬೇಕೆಂಬ ಉದ್ದೇಶದಿಂದ ಅನಿವಾಸಿ ದಂಪತಿಗಳು ಶಾಲೆಗಳಿಗೆ ರಜೆ ಬೀಳುವ ಜೂನ್ ತಿಂಗಳಿನಲ್ಲಿ ಊರಿಗೆ ಬರುತ್ತಾರೆ. ಆಗ ಮಾವಿನ ಕಾಲ ಮುಗಿಯುತ್ತ ಬಂದಿದ್ದು ಮಳೆ ಹಿಡಿದಿರುತ್ತದೆ, ಊರಿನ ಅಣ್ಣತಮ್ಮಂದಿರ ಮಕ್ಕಳಿಗೆ ಶಾಲೆ ಆರಂಭವಾಗಿ ಟ್ಯೂಷನ್ನೂ ಹಿಡಿದಿರುತ್ತದೆ. ಆದರೂ ಧೃತಿಗೆಡದೆ ಬಾಡಿಗೆ ಕಾರಿನಲ್ಲಿ ಜೋಗ, ಧರ್ಮಸ್ಥಳ, ಉಡುಪಿಗಳನ್ನು ನಾಲ್ಕು ದಿನಗಳಲ್ಲಿ ತೋರಿಸಿ, ಹೋಂಸ್ಟೇಯೊಂದರಲ್ಲಿ ಹಣ ಕೊಟ್ಟು ಕೈತುತ್ತು ಹಾಕಿಸಿ, ಅದರ ವೀಡಿಯೊ ತೆಗೆಯಲಾಗುತ್ತದೆ. ಹಿಂದಿರುಗಿದ ಮೇಲೆ ಮಕ್ಕಳನ್ನು ವಿಚಾರಿಸಿದರೆ ಅವರ ಸ್ಮೃತಿಯಲ್ಲಿ ಜೋಗವಿರುವುದಿಲ್ಲ. ಇರುವುದು, ಕರೆಂಟು ಹೋದಾಗ ಇಡೀ ಅಪಾರ್ಟ್‌ಮೆಂಟು ಒಟ್ಟಿಗೆ ಓ ಎಂದದ್ದು, ದೋಹಾ ವಿಮಾನನಿಲ್ದಾಣದಲ್ಲಿ ರಾತ್ರಿ ಮೂರು ಗಂಟೆಗೆ ತಿಂದ ಫ್ರೆಂಚ್ ಫ್ರೈಸ್, ಮತ್ತು ಎಲ್ಲಕ್ಕಿಂತ ಮಿಗಿಲಾಗಿ, ಚಟ್ಟೆಂದು ಕಿಡಿ ಹಾರಿಸುವ ಸೊಳ್ಳೆ ಬ್ಯಾಟು. ಈ ಬ್ಯಾಟನ್ನು ಜೊತೆಗೆ ಒಯ್ಯಲೇಬೇಕೆಂದು ಮಕ್ಕಳು ಹಟ ಹಿಡಿದಾಗ, ತಲಾ 23 ಕಿಲೋ ಮಿತಿಯ ಸೂಟ್‌ಕೇಸುಗಳನ್ನು ನಡುಮನೆಯಲ್ಲಿ ಮತ್ತೆ ಬಿಚ್ಚಿ, ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿಯೊಂದನ್ನು ಹೊರಗೆ ತೆಗೆದು ಅದಕ್ಕೆ ಜಾಗ ಮಾಡಲಾಗುತ್ತದೆ. ಆ ಡಬ್ಬಿಗೆ ಮೂರು ಪದರ ಪ್ಲಾಸ್ಟಿಕ್ ಸುತ್ತಿ ಟೇಪು ಹಚ್ಚಿದ್ದ ವೃದ್ಧ ಅತ್ತೆಯು ಅದನ್ನು ನೋಡಿಯೂ ಏನನ್ನೂ ಹೇಳದೆ, ಬ್ಯಾಟಿನ ಹಿಡಿಗೆ ಒಂದು ಹಳೆಯ ಕಾಲುಚೀಲ ತೊಡಿಸುತ್ತಾಳೆ. ಬ್ಯಾಟು 230 ವೋಲ್ಟಿಗೆ ಮಾಡಿದ್ದು. 120 ವೋಲ್ಟಿನ ದೇಶದಲ್ಲಿ ಅದು ಸರಿಯಾಗಿ ಚಾರ್ಜ್ ಆಗುವುದಿಲ್ಲ, ಮತ್ತು ಮಕ್ಕಳಿಗೆ ಅದರಿಂದ ಏನೂ ಬೇಸರವಿಲ್ಲ.