ಹಂಗಾಮಿ ಛಾವಣಿಯ ಜತೆ ಮಾತುಕತೆ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಒಂದು ಹಟ್ಟಿ. ಸಿಮೆಂಟ್ ಇಟ್ಟಿಗೆಯ ಗೋಡೆ ಲಿಂಟಲ್‌ವರೆಗೆ ಎದ್ದು ನಿಂತಿದೆ. ಅದರ ಮೇಲೆ ತೆಂಗಿನಗರಿ ಹೊದಿಸಿದ್ದಾರೆ. ಸರ್ಕಾರಿ ದಾಖಲೆಯಲ್ಲಿ ಇದು 'ಪ್ರಗತಿಯಲ್ಲಿರುವ ಮನೆ'. ಆ ಪ್ರಗತಿಯನ್ನು ಬಿಸಿಲು ಮಳೆಯಿಂದ ಕಾಪಾಡುತ್ತಿರುವ ಗರಿ ಬಿಡುವು ಮಾಡಿಕೊಂಡು ಮಾತಿಗೆ ಸಿಕ್ಕಿತು.

*ನಮಸ್ಕಾರ. ತಮ್ಮ ಹುದ್ದೆ?*

ಹಂಗಾಮಿ ಛಾವಣಿ ಕಣಪ್ಪ. ಆರ್ಡರ್ ಇಲ್ಲ, ಸಂಬಳ ಇಲ್ಲ. ವರ್ಷಕ್ಕೊಂದ್ಸಲ ಹಳಬರನ್ನ ಇಳಿಸಿ ಹೊಸಬರನ್ನ ಹತ್ತಿಸ್ತಾರೆ. ಹುದ್ದೆ ಮಾತ್ರ ಖಾಲಿ ಬಿಟ್ಟಿಲ್ಲ.

*'ಗುಡಿಸಲು ಮುಕ್ತ ಕರ್ನಾಟಕ' ಎಂದು ಸರ್ಕಾರಗಳು ಹೇಳುತ್ತಲೇ ಇವೆ. ಭಯವಿಲ್ಲವೆ?*

1985ರಲ್ಲಿ ಇಂದಿರಾ ಆವಾಸ್ ಬಂತು. ತೊಂಬತ್ತರ ದಶಕದಲ್ಲಿ ಆಶ್ರಯ, 2010ರಲ್ಲಿ ಬಸವ ವಸತಿ, 2016ರಲ್ಲಿ ಪ್ರಧಾನಮಂತ್ರಿ ಆವಾಸ್. ಸುಳ್ಳು ಹೇಳಬಾರದು, ಲಕ್ಷಾಂತರ ಮನೆ ಎದ್ದಿದಾವೆ. 2022ಕ್ಕೆ ಎಲ್ರಿಗೂ ಸೂರು ಅಂದ್ರು, ಆಮೇಲೆ 2024 ಅಂದ್ರು, ಈಗ 2029 ಅಂತಾರೆ. ಒಂದೊಂದು ಸಲವೂ ನಮ್ಮೋರು ಗಂಟುಮೂಟೆ ಕಟ್ಟಿ, ಮತ್ತೆ ಬಿಚ್ಕಂಡು ಕುಂತ್ರು.

*ಮನೆ ಮಂಜೂರಾಗಿದೆ. ಮತ್ತೆ ಲಿಂಟಲ್‌ಗೇ ನಿಂತದ್ದೇಕೆ?*

ದುಡ್ಡು ಬರೋದು ಕಟ್ಟಿದ್ಮೇಲೆ. ತಳಪಾಯ ಹಾಕು, ಜಿಪಿಎಸ್ ಫೋಟೊ ಹೊಡೆಸ್ಕೊ, ಬೆಂಗಳೂರಲ್ಲಿ ರಾಜೀವ್ ಗಾಂಧಿ ವಸತಿ ನಿಗಮದ ಕಂಪ್ಯೂಟರ್ ಒಪ್ಪಿದ್ರೆ ಖಾತೆಗೆ ಕಂತು. ಆಮೇಲೆ ಲಿಂಟಲ್, ಆಮೇಲೆ ಛಾವಣಿ, ಆಮೇಲೆ ಪೂರ್ಣ. ಕೈಯಲ್ಲಿ ಕಾಸಿಲ್ದೋರಿಗೆ ಅಂತ ಮಾಡಿದ ಯೋಜನೆ. ಆದ್ರೆ ಮೊದಲು ಕಾಸು ಹಾಕಿದೋರಿಗೇ ಕಾಸು. ನಮ್ಮ ಯಜಮಾನ್ತಿ ಲಿಂಟಲ್ ಎಬ್ಬಿಸೋಕೆ ಓಲೆ ಅಡ ಇಟ್ಲು. ಮೋಲ್ಡ್ ಹಾಕೋಕೆ ಅಡ ಇಡಾಣ ಅಂದ್ರೆ ಮನೇಲಿ ನಾನೊಬ್ಳೇ ಉಳಿದಿರೋದು. ಗರಿ ಯಾವ ಬ್ಯಾಂಕ್‌ನೋರೂ ಇಟ್ಕೊಳ್ಳಲ್ಲ.

*ಪ್ರಧಾನಮಂತ್ರಿ ಆವಾಸ್‌ನಲ್ಲಿ ಒಂದು ಮನೆಗೆ ಸಿಗುವ 1.20 ಲಕ್ಷ ರೂಪಾಯಿ ಸಣ್ಣ ಮೊತ್ತವೇನಲ್ಲವಲ್ಲ?*

ತಿಪಟೂರು ಕೊಬ್ಬರಿ ಲೆಕ್ಕದಲ್ಲಿ ಹೇಳ್ತೀನಿ ಕೇಳು. 2016ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 6,240. ಆಗ ಒಂದು ಮನೆ ಅಂದ್ರೆ 19 ಕ್ವಿಂಟಾಲ್ ಕೊಬ್ಬರಿ. 2025ಕ್ಕೆ ಅದೇ ಬೆಲೆ 12,100. ಈಗ ಒಂದು ಮನೆ ಅಂದ್ರೆ 10 ಕ್ವಿಂಟಾಲೂ ತುಂಬಲ್ಲ. 2024ರ ಆಗಸ್ಟಲ್ಲಿ ಇನ್ನೂ ಎರಡು ಕೋಟಿ ಮನೆಗೆ ದೆಹಲಿ ಸಂಪುಟ ಒಪ್ಪಿತು. ಮನೆಗೆ ಕೊಡೋದು ಮಾತ್ರ ಹಳೇ 1.20 ಲಕ್ಷವೇ. ಎರಡೂ ಬೆಲೆ ಕಟ್ಟೋರು ಅವರೇ. ಕೊಬ್ಬರೀದು ವರ್ಷವರ್ಷ ನೋಡ್ತಾರೆ, ಇಲ್ದಿದ್ರೆ ತೆಂಗು ಬೆಳೆಗಾರರು ರಸ್ತೆಗೆ ಬರ್ತಾರೆ. ಮನೆ ಇಲ್ದೋರು ರಸ್ತೇಲೇ ಅವ್ರೆ, ಇನ್ನೆಲ್ಲಿಗೆ ಬರ್ತಾರೆ?

*ಯೋಜನೆ ರೂಪಿಸುವ ಅಧಿಕಾರ ಗ್ರಾಮ ಪಂಚಾಯಿತಿಗೂ ಇದೆಯಲ್ಲವೆ?*

ಐತೆ. ಗ್ರಾಮಸಭೆ ಕೂಡ್ತೈತೆ, ಟೀ ಬರ್ತೈತೆ. ಎಷ್ಟು ಮನೆ ಅನ್ನೋ ಗುರಿ ಮೇಲಿಂದ ಇಳೀತೈತೆ, ಹೆಸರು ಕೆಳಗಿಂದ ಹತ್ತುತೈತೆ. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು ಅಂತ ರೂಲು. ಅಟ್ಟದ ಮಾತೇ ಇಲ್ಲ. ಈ ಸೀಮೇಲಿ ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕುಂತು, ನೀರು ಇಂಗಿ, ಅಲ್ಲಾಡಿಸಿದ್ರೆ ಒಳಗೆ ಲೊಟಲೊಟ ಅಂದ್ರೇನೇ ಉಂಡೆ ಕೊಬ್ಬರಿ. ಹತ್ತು ಮರ ಇರೋ ಬಡವನಿಗೆ ಅಟ್ಟ ಇಲ್ದಿದ್ರೆ ಹಸಿಕಾಯಿ ಕೊಟ್ಟು ಕೈತೊಳ್ಕೋಬೇಕು. ತುರುವೇಕೆರೆಗೂ ಬೀದರಿಗೂ ಒಂದೇ ಲೆಕ್ಕ ಹಿಡಿಯೋರಿಗೆ ಅಟ್ಟ ಅಂದ್ರೆ ಏನು ಗೊತ್ತು?

*ಪಕ್ಕದ ಗುಡಿಸಲಿಗೆ ಮಂಜೂರಾತಿಯೇ ಸಿಕ್ಕಿಲ್ಲವಂತೆ?*

ಅದು ನನ್ನ ತಂಗಿ ಡ್ಯೂಟಿ ಜಾಗ. ಮನೆ ಬೇಕಾದ್ರೆ ನೆಲ ಕಟ್ಟೋರ ಹೆಸರಲ್ಲಿರಬೇಕು. ಹಟ್ಟಿ ಇರೋದು ಸರ್ಕಾರಿ ಜಾಗದಲ್ಲಿ. ಹಟ್ಟಿ ಮೊದಲು ಕಂದಾಯ ಗ್ರಾಮ ಆಗಬೇಕು, ಹಕ್ಕುಪತ್ರ ಬರಬೇಕು, ಇ-ಸ್ವತ್ತು ಆಗಬೇಕು. ಮೂರು ತಲೆಮಾರಿಂದ ಅಲ್ಲೇ ಒಲೆ ಹಚ್ಚಿರೋರು ಕಾಗದದಲ್ಲಿ ಇನ್ನೂ ಊರಿಗೆ ಬಂದಿಲ್ಲ.

*ಫೋಟೊ ತೆಗೆಯಲು ಬಂದಾಗ ನಿಮ್ಮ ಪಾತ್ರವೇನು?*

ಇಳಿಯೋದು. ಪ್ರಗತಿ ಮೇಲೆ ಗರಿ ಕಂಡ್ರೆ ಚೆನ್ನಾಗಿರಲ್ಲ ಅಂತ ಕೆಳಗಿಳಿಸಿ ಬೇಲಿ ಹಿಂದೆ ನಿಲ್ಲಿಸ್ತಾರೆ. ಫೋಟೊದೋರ ಬೈಕು ಹಟ್ಟಿ ದಾಟುತ್ಲೂ ಮತ್ತೆ ಹತ್ತಿಸ್ತಾರೆ. ಮೋಡ ಕವ್ಕೊಂಡಿದ್ರೆ ಫೋಟೊಗೂ ಮುಂಚೆನೇ ಹತ್ತಿಸೋದುಂಟು.

*ನಿಮ್ಮ ಬೇಡಿಕೆ? ಸೇವೆ ಕಾಯಂ?*

ಅಯ್ಯೋ, ಕಾಯಂ ಮಾಡಿದ್ದಾರಲ್ಲ, ಅದೇ ನನ್ನ ದೂರು. ಕೊಬ್ಬರಿಗೆ ನೋಡ್ದಂಗೆ ಮನೆಗೂ ವರ್ಷವರ್ಷ ಬೆಲೆ ನೋಡ್ಲಿ. ಕಂತು ಕೆಲಸಕ್ಕೆ ಮುಂಚೆ ಕೊಡ್ಲಿ. ಅಟ್ಟ ಬೇಕೋ ಬೇಡ್ವೋ ಅಂತ ಇಲ್ಲಿಯೋರನ್ನ ಕೇಳ್ಲಿ. ಅವತ್ತೇ ಇಳೀತೀನಿ.

*ಕೆಲಸ ಹೋದರೆ ಹೊಟ್ಟೆಪಾಡು?*

ನನ್ನ ಕಡ್ಡಿ ಸೀಳಿ ಪೊರಕೆ ಮಾಡ್ತಾರೆ. ಪಂಚಾಯ್ತಿಯಿಂದ ಹಿಡಿದು ದೆಹಲಿವರೆಗೂ ಎಷ್ಟು ಆಫೀಸ್ ಅದಾವೆ ನೋಡಪ್ಪ, ಪೊರಕೆಗೆ ಕೆಲಸ ಇಲ್ವೇ?