ಹಸಿರು ಬಿತ್ತು, ಸಾಲು ಹೋಯ್ತು

ಒಂದಕ್ಷರ ಕೋಡ್ ಬರೆಯದೆ ಡೇಟಾ ಅರೆದು ಕುಡಿಯಬಹುದು ಎನ್ನುವ ತಂತ್ರಾಂಶಗಳಲ್ಲಿ ನೈಮ್ ಒಂದು. ಜರ್ಮನಿಯ ಕಾನ್‌ಸ್ಟಾನ್ಸ್ ವಿಶ್ವವಿದ್ಯಾಲಯದಲ್ಲಿ 2004ರಲ್ಲಿ ಶುರುವಾಗಿ 2006ರಲ್ಲಿ ಹೊರಬಂದದ್ದು. ಡೌನ್‌ಲೋಡ್ ಪುಕ್ಕಟೆ. ಪುಕ್ಕಟೆ ಎಂದಮೇಲೆ ನಮ್ಮ ಆಫೀಸಿನಲ್ಲಿ ಕಲಿಯದವರುಂಟೇ? ಸರ್ಟಿಫಿಕೇಟ್ ತಂದರೆ ಅಪ್ರೈಸಲ್‌ನಲ್ಲಿ ಗಿಟ್ಟುತ್ತದೆ ಎಂಬ ಗಾಳಿಸುದ್ದಿ ಬೇರೆ.

ನೈಮ್‌ನಲ್ಲಿ ಪ್ರತಿ ಕೆಲಸಕ್ಕೂ ಒಂದು ಪುಟ್ಟ ಡಬ್ಬಿ, ಹೆಸರು ನೋಡ್. ಎಕ್ಸೆಲ್ ಓದಲು ಒಂದು, ಸಾಲು ಸೋಸಲು ಇನ್ನೊಂದು, ಎರಡು ಪಟ್ಟಿಗಳಿಗೆ ಗಂಟು ಹಾಕಲು ಜಾಯ್ನರ್. ಎಳೆದು ತಂದು ಗೆರೆ ಕೂಡಿಸಿದರಾಯಿತು. ಪ್ರತಿ ನೋಡ್‌ನ ಕೆಳಗೂ ಟ್ರಾಫಿಕ್ ಸಿಗ್ನಲ್: ಕೆಂಪಾದರೆ ಇನ್ನೂ ಸಿದ್ಧವಿಲ್ಲ, ಹಳದಿಯಾದರೆ ಓಡಲು ತಯಾರು, ಹಸಿರಾದರೆ ಓಡಿ ಮುಗಿಯಿತು. ಬೆಂಗಳೂರಿನವರಿಗೆ ಇದೇ ಫಜೀತಿ. ನಾವು ಹಸಿರು ಬೀಳಲಿ ಎಂದು ಕಾಯುತ್ತ ಕೂರುತ್ತೇವೆ. ಇಲ್ಲಿ ಹಳದಿಯಲ್ಲೇ ಹೊರಡಬೇಕು! (ಹಾಗೆ ನೋಡಿದರೆ ನಮ್ಮ ಆಟೋದವರು ಹುಟ್ಟಾ ಸರ್ಟಿಫೈಡ್.)

ಹಸಿರು ಬಿದ್ದಮಾತ್ರಕ್ಕೆ ಉತ್ತರ ಸರಿ ಎಂದೇನಲ್ಲ. ಒಂದು ಪಟ್ಟಿಯಲ್ಲಿ ‘ಮೈಸೂರು’, ಇನ್ನೊಂದರಲ್ಲಿ ಅದೇ ಮೈಸೂರಿನ ಹಿಂದೊಂದು ಕಣ್ಣಿಗೆ ಬೀಳದ ಸ್ಪೇಸ್. ಜಾಯ್ನರ್ ಪಾಲಿಗೆ ಅವು ಬೇರೆ ಬೇರೆ ಊರು. ಸಾಲು ಸದ್ದಿಲ್ಲದೆ ಮಾಯ.

ನೈಮ್‌ನ ಎಲ್1 ಸರ್ಟಿಫಿಕೇಟ್ ಪರೀಕ್ಷೆ ಪಾಸಾದ ಸಹೋದ್ಯೋಗಿಯೊಬ್ಬರಿಗೆ ಈಗ ಎಲ್ಲದಕ್ಕೂ ನೋಡ್ ಬೇಕು. ಮಗಳ ಮದುವೆಗೆ ಬಂದವರ ಪಟ್ಟಿ, ಮುಯ್ಯಿ ಪಟ್ಟಿ ಎರಡನ್ನೂ ಜಾಯ್ನರ್‌ಗೆ ಕೊಟ್ಟು, ಉಂಡು ಮುಯ್ಯಿ ಮಾಡದೆ ಹೋದವರನ್ನು ಸೋಸಿ ತೆಗೆದರಂತೆ. ಮೊದಲ ಹೆಸರು ಹೆಂಡತಿಯ ಅಣ್ಣನದು. ಲ್ಯಾಪ್‌ಟಾಪ್ ಈಗ ಆಫೀಸಿನಲ್ಲೇ ಇರುತ್ತದೆ.